ಬುಧವಾರದ ನೀರು

ಸುಲ್ಮಾ ಯಾರಿಗೂ ಸುಳ್ಳು ಹೇಳಿರಲಿಲ್ಲ. ಕಾಲೇಜು ಸೇರಿದ ಮೊದಲ ವಾರದಲ್ಲಿ ಯಾರೋ "ನಿಮ್ಮನೆ ಎಲ್ಲಿ?" ಅಂತ ಕೇಳಿದ್ದರು. "ಪ್ಲಾಸಾ ಕೊಲೋನ್ ಹತ್ತಿರ" ಅಂದಿದ್ದಳು. ಪೇಟೆ ನಡುವಿನ ಆ ಚೌಕದ ಬಳಿ ಅವಳ ಚಿಕ್ಕಮ್ಮನ ಮನೆಯಿತ್ತು. ವಾರದ ಐದು ದಿನ ಅಲ್ಲಿಯೇ ಹಿಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಮಲಗುತ್ತಿದ್ದಳು. ಶನಿವಾರ ಎರಡು ವ್ಯಾನು ಬದಲಿಸಿ, ಕೊಚಬಾಂಬಾ ನಗರದ ದಕ್ಷಿಣದ ಬೋಳುಗುಡ್ಡ ಹತ್ತಿ, ಚಸ್ಕಾ ಲೋಮಾದಲ್ಲಿದ್ದ ಅಮ್ಮನ ಮನೆಗೆ ಹೋಗುತ್ತಿದ್ದಳು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳದೆ ಬಿಟ್ಟ ಮಾತು ಎರಡೂವರೆ ವರ್ಷದಲ್ಲಿ ಗೋಡೆಯಷ್ಟು ಗಟ್ಟಿಯಾಗಿತ್ತು.

ಆ ಗೋಡೆಗೆ ಮೊದಲ ಏಟು ಬಿದ್ದದ್ದು ಒಂದು ಟೋಪಿಯೊಳಗಿನ ಚೀಟಿಯಿಂದ.

ವಿಶ್ವವಿದ್ಯಾಲಯದವರು ಪ್ರತಿವರ್ಷ ಐದು ದಿನದ ಕಾರ್ಯಾಗಾರ ನಡೆಸುತ್ತಿದ್ದರು. ಬೇರೆ ಬೇರೆ ವಿಷಯ ಓದುವ ಹುಡುಗ ಹುಡುಗಿಯರನ್ನು ಕಲಸಿ ತಂಡ ಮಾಡಿ, ಊರಿನ ಒಂದೊಂದು ನಿಜವಾದ ತೊಂದರೆಯನ್ನು ಒಪ್ಪಿಸಿ, "ಹೋಗಿ, ಜನರ ಮಾತು ಕೇಳಿ, ಏನಾದರೂ ಮಾಡಿ ತನ್ನಿ" ಅನ್ನುತ್ತಿದ್ದರು. ನರ್ಸಿಂಗ್ ಓದುತ್ತಿದ್ದ ಸುಲ್ಮಾ ಬಿದ್ದದ್ದು ಇಬ್ಬರ ಜೊತೆ. ಒಬ್ಬಳು ಫಬಿಯೋಲಾ, ವಿನ್ಯಾಸದ ವಿದ್ಯಾರ್ಥಿನಿ, ಕೈಯಲ್ಲಿ ಸದಾ ಪೆನ್ಸಿಲ್, ಬಾಯಲ್ಲಿ ಸದಾ ಖಾರ. ಇನ್ನೊಬ್ಬ ಬ್ರಾಂಕೊ, ಕಂಪ್ಯೂಟರ್ ಓದುವವನು, ಒಳ್ಳೆಯ ಹುಡುಗ, ಆದರೆ ಜಗತ್ತಿನ ಎಲ್ಲ ರೋಗಕ್ಕೂ ಮೊಬೈಲೇ ಮದ್ದು ಅಂತ ನಂಬಿದವನು. ಟೋಪಿಗೆ ಕೈ ಹಾಕಿದವನು ಅವನೇ.

"ನೀರು!" ಅಂತ ಚೀಟಿ ಬಿಚ್ಚಿ ಕೂಗಿದ. "ಜಾಗ... ಚಸ್ಕಾ ಲೋಮಾ. ಎಲ್ಲಿದೆ ಮಾರಾಯ್ರೇ ಇದು?"

"ಟ್ಯಾಂಕರ್ ನೀರಿನ ಗುಡ್ಡ ಇರ್ಬೇಕು," ಅಂದಳು ಫಬಿಯೋಲಾ. "ಬೂಟು ಹಾಕ್ಕೊಂಡು ಬಾ. ನಿನ್ನ ಬಿಳಿ ಶೂ ಅಲ್ಲಿ ಒಂದು ಗಂಟೆ ಬದುಕಲ್ಲ."

ಸುಲ್ಮಾ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಳು, ಎದ್ದಳು, ಮತ್ತೆ ಕೂತಳು. ಬಿಡುವು ಸಿಕ್ಕಿದ್ದೇ ತಡ ಕಾರ್ಯಾಗಾರ ನಡೆಸುತ್ತಿದ್ದ ಅರಾಮಾಯೊ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಸರ್, ನನ್ನನ್ನ ಬೇರೆ ತಂಡಕ್ಕೆ ಹಾಕ್ತೀರಾ? ಆಸ್ಪತ್ರೆ ತಂಡಕ್ಕೆ. ನಾನು ನರ್ಸಿಂಗ್ ಅಲ್ವಾ?"

"ಅದಕ್ಕೇ ಬೇಡ," ಅಂದರು ಮೇಷ್ಟ್ರು. "ಗೊತ್ತಿರೋ ಜಾಗಕ್ಕೆ ಹೋದ್ರೆ ಕಣ್ಣು ಕುರುಡಾಗತ್ತೆ. ಗೊತ್ತಿಲ್ಲದ ಕಡೆ ಹೋಗಮ್ಮ. ಭಯ ಆಗತ್ತಾ?"

"ಭಯ ಅಲ್ಲ ಸರ್."

"ಮತ್ತೇನು?"

ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಮೇಷ್ಟ್ರು ನಕ್ಕು ಬೆನ್ನು ತಟ್ಟಿ ಕಳಿಸಿದರು.

ಮಂಗಳವಾರವೆಲ್ಲ ಪ್ರಶ್ನೆ ಬರೆಯುವುದರಲ್ಲಿ ಕಳೆಯಿತು. ಗೋಡೆಯ ತುಂಬ ಹಳದಿ ಅಂಟುಚೀಟಿ. "ನೀರಿನ ವಿಷಯದಲ್ಲಿ ಅತ್ಯಂತ ಕಷ್ಟ ಯಾವುದು?" "ಮನೆಯಲ್ಲಿ ಯಾರು ಯಾರು ಇದ್ದೀರಿ?" ಬ್ರಾಂಕೊ "ನಾಳೆ ಮಧ್ಯಾಹ್ನ ಊಟ ಮುಗಿಸಿ ಹೋಗೋಣ" ಅಂದಾಗ ಸುಲ್ಮಾಳ ಬಾಯಿ ತಡೆಯಲಿಲ್ಲ.

"ಮಧ್ಯಾಹ್ನ ಆದ್ರೆ ಟ್ಯಾಂಕರ್ ಬಂದು ಹೋಗಿರಬಹುದು. ಬುಧವಾರ ಮಾತ್ರ ಬರೋದು. ಬೆಳಗ್ಗೇನೇ ಹೋಗ್ಬೇಕು."

ಇಬ್ಬರೂ ಅವಳನ್ನು ನೋಡಿದರು.

"ಎಲ್ಲೋ ಓದಿದ್ದೆ," ಅಂದಳು.

"ನೋಡು, ಎಷ್ಟು ತಯಾರಾಗಿದಾಳೆ! ನೀನೂ ಇದೀಯ," ಅಂತ ಫಬಿಯೋಲಾ ಬ್ರಾಂಕೊನ ತಲೆಗೆ ಮೊಟಕಿದಳು.

ಆ ಸಂಜೆ ಸುಲ್ಮಾ ಅಮ್ಮನಿಗೆ ಫೋನು ಮಾಡಲು ಮೂರು ಸಲ ನಂಬರು ಒತ್ತಿ ಮೂರು ಸಲವೂ ಕಟ್ ಮಾಡಿದಳು. ಏನಂತ ಹೇಳುವುದು? ನಾಳೆ ನಾನು ಬರುತ್ತೇನೆ, ಆದರೆ ನನ್ನನ್ನು ಗುರುತಿಸಬೇಡ ಅಂತಲೇ? ಅಂಥ ಮಾತಾಡುವ ನಾಲಿಗೆ ಅವಳಿಗಿರಲಿಲ್ಲ. ಬೇರೆ ಉಪಾಯ ಮಾಡಿಕೊಂಡಳು. ಗುಡ್ಡದ ಬುಡದಲ್ಲಿರುವ ಮನೆಗಳಲ್ಲೇ ಇವರಿಬ್ಬರನ್ನೂ ನಿಲ್ಲಿಸಿ, ಅಲ್ಲಿಂದಲೇ ತಿರುಗಿಸಿ ಕರೆದುಕೊಂಡು ಬಂದರಾಯಿತು.

ಉಪಾಯ ಕಾಲು ಗಂಟೆಯೂ ನಿಲ್ಲಲಿಲ್ಲ. ಬುಧವಾರ ವ್ಯಾನಿನಿಂದ ಇಳಿಯುತ್ತಿದ್ದಂತೆ ನೀಲಿ ಟ್ಯಾಂಕರ್ ಹಾರ್ನು ಹೊಡೆಯುತ್ತಾ ಧೂಳೆಬ್ಬಿಸಿಕೊಂಡು ಮೇಲೆ ಹೋಯಿತು. "ಹಿಡಿಯಿರಿ ಅದನ್ನ!" ಅಂತ ಬ್ರಾಂಕೊ ಓಡಿದ, ಅವನ ಹಿಂದೆ ಫಬಿಯೋಲಾ. ಸುಲ್ಮಾ "ಇಲ್ಲೇ ಕೇಳೋಣ, ಇಲ್ಲೂ ಮನೆ ಇವೆಯಲ್ಲ" ಅಂತ ಕೂಗಿದ್ದು ಹಾರ್ನಿನಲ್ಲಿ ಮುಳುಗಿತು. ಟ್ಯಾಂಕರ್ ಎಡಕ್ಕೆ ತಿರುಗಿತು, ಶಾಲೆಯ ಗೋಡೆ ದಾಟಿತು, ಅವಳು ಬೇಡ ಬೇಡವೆಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ ಓಣಿಗೇ ನುಗ್ಗಿ ನಿಂತಿತು. ಆ ಓಣಿಯಲ್ಲಿ ಎಂಟು ಮನೆ, ಎಂಟು ಬಾಗಿಲ ಮುಂದೆ ಎಂಟು ಡ್ರಮ್ಮು. ಎರಡನೆಯ ಡ್ರಮ್ಮಿನ ಪಕ್ಕ, ನೆರಿಗೆ ಲಂಗ ಮೇಲಕ್ಕೆ ಸಿಕ್ಕಿಸಿ, ಜಡೆಗಳನ್ನು ಬೆನ್ನ ಹಿಂದೆ ಗಂಟು ಹಾಕಿಕೊಂಡು ನಿಂತವಳು ಸೆವೆರೀನಾ. ಲಾ ಕಾಂಚಾ ಸಂತೆಯಲ್ಲಿ ಒಣ ಪೀಚ್ ಹಣ್ಣಿನ ಪಾನಕ ಮಾರುವವಳು. ಸುಲ್ಮಾಳ ತಾಯಿ.

ನೀರು ತುಂಬಿಸಿಕೊಂಡು, ಡ್ರಮ್ಮಿನೊಳಗೆ ಇಣುಕಿ ನೋಡಿ, ಮುಚ್ಚಳ ಹಾಕಿ ಸೆವೆರೀನಾ ತಲೆ ಎತ್ತಿದಳು. ಮಗಳು ಕಂಡಳು. ಮುಖ ಅರಳಿತು, ಬಾಯಿ ತೆರೆಯಿತು. ಅಷ್ಟರಲ್ಲಿ ಮಗಳ ಕೊರಳಲ್ಲಿ ತೂಗುವ ಕಾಲೇಜಿನ ಬಿಲ್ಲೆ, ಪಕ್ಕದ ಇಬ್ಬರು ಅಪರಿಚಿತರು, ಮಗಳು ನೆಲಕ್ಕೆ ನೆಟ್ಟ ಕಣ್ಣು, ಎಲ್ಲ ಕಂಡವು. ತೆರೆದ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು.

"ನಮಸ್ಕಾರ ಡೊನ್ಯಾ," ಅಂದ ಬ್ರಾಂಕೊ, ದೊಡ್ಡವರನ್ನು ಕರೆಯುವ ಮರ್ಯಾದೆಯಲ್ಲಿ. "ವಿಶ್ವವಿದ್ಯಾಲಯದಿಂದ ಬಂದಿದೀವಿ. ನೀರಿನ ವಿಷಯ ಎರಡು ಮಾತು ಕೇಳಬಹುದಾ?"

"ಕೇಳಿ," ಅಂದಳು ಸೆವೆರೀನಾ. "ಬಿಸಿಲಲ್ಲಿ ಯಾಕೆ ನಿಂತಿದೀರಿ, ನೆರಳಿಗೆ ಬನ್ನಿ. ನೀವೂ ಬನ್ನಿ ಸೆನ್ಯೋರಿತಾ."

'ನೀವೂ' ಅಂದದ್ದು ಮಗಳಿಗೆ. ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ತನಗೆ ಆ ಬಹುವಚನ, ಪೇಟೆ ಹುಡುಗಿಯರನ್ನು ಕರೆಯುವ ಆ 'ಸೆನ್ಯೋರಿತಾ' ಬಂದದ್ದನ್ನು ಸುಲ್ಮಾ ಕೇಳಿರಲಿಲ್ಲ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ನೀನೇ ಕೇಳು," ಅಂತ ಫಬಿಯೋಲಾ ಪ್ರಶ್ನೆಯ ಹಾಳೆಯನ್ನು ಅವಳ ಕೈಗೇ ತುರುಕಿದಳು. "ನರ್ಸಿಂಗ್‌ನೋರಿಗೆ ಮಾತಾಡ್ಸೋಕೆ ಬರತ್ತೆ. ನಾನು ಬರ್ಕೋತೀನಿ."

ಸುಲ್ಮಾ ಓದಿದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಮನೇಲಿ ಯಾರು ಯಾರು ಇದೀರಿ?"

"ನಾನೊಬ್ಬಳೇ. ಒಬ್ಬ ಮಗಳಿದಾಳೆ. ಓದ್ತಿದಾಳೆ, ಪೇಟೆಯಲ್ಲಿ."

"ನೀರಿನ ವಿಷಯದಲ್ಲಿ... ಅತ್ಯಂತ ಕಷ್ಟ ಯಾವುದು?"

"ಕಾಯೋದು," ಅಂದಳು ಸೆವೆರೀನಾ, ಯೋಚನೆಯೇ ಮಾಡದೆ. "ಹೊರೋದಲ್ಲ, ಕಾಯೋದು. ಬುಧವಾರ ಬೆಳಗ್ಗೆ ಆರಕ್ಕೂ ಬರಬಹುದು, ಸಂಜೆ ಆರಕ್ಕೂ ಬರಬಹುದು. ನಾವು ಇಲ್ಲದಿದ್ರೆ ಅವನು ಅರ್ಧ ಡ್ರಮ್ಮು ಹಾಕಿ ತುಂಬಿದೆ ಅಂತಾನೆ. ಅದಕ್ಕೇ ಬುಧವಾರ ಅಂದ್ರೆ ಈ ಓಣಿ ಹೆಂಗಸ್ರಿಗೆ ಜೈಲು."

"ಪಕ್ಕದ ಮನೆಯೋರಿಗೆ ಹೇಳಿ ಹೋಗಬಹುದಲ್ವಾ?" ಫಬಿಯೋಲಾ ಕೇಳಿದಳು.

"ಹೋಗಿದ್ದೆ ಒಂದ್ಸಲ. ಇಲಾರಿಯಾಗೆ ಹೇಳಿ. ಬಂದು ನೋಡಿದ್ರೆ ಅರ್ಧವೇ ಇತ್ತು. ಟ್ಯಾಂಕರ್‌ನೋನು ಕಮ್ಮಿ ಹಾಕಿದನೋ, ಇವಳು ಮೊಗೆದುಕೊಂಡಳೋ, ಆ ದೇವರಿಗೇ ಗೊತ್ತು. ನಾನೊಂದು ಮಾತಂದೆ, ಅವಳು ಹತ್ತು ಮಾತಂದಳು. ಎರಡು ವರ್ಷ ಆಯ್ತು, ಮುಖ ನೋಡಲ್ಲ."

ಫಬಿಯೋಲಾ ಬರೆದದ್ದೇ ಬರೆದದ್ದು. "ಕಾಯೋದ್ರಿಂದ ಏನಾದ್ರೂ ದೊಡ್ಡ ನಷ್ಟ ಆಗಿದ್ಯಾ ಡೊನ್ಯಾ?"

ಸೆವೆರೀನಾ ಪೂರಾ ಮುಖ ತಿರುಗಿಸಿ ಮಗಳ ಕಡೆ ನೋಡಿದಳು. ಹಾಗೆ ಕತ್ತನ್ನೇ ಹೊರಳಿಸಿ ನೋಡುವುದನ್ನು ಸುಲ್ಮಾ ಎಷ್ಟೋ ಶನಿವಾರಗಳಿಂದ ಕಂಡಿದ್ದಳು. ಅಮ್ಮನ ಗತ್ತು ಅಂದುಕೊಂಡಿದ್ದಳು.

"ಈ ಎಡಗಣ್ಣು," ಅಂದಳು ಸೆವೆರೀನಾ. "ಪಕ್ಕದಿಂದ ಕತ್ತಲೆ ಬರ್ತಾ ಇದೆ, ಬಾಗಿಲು ಮುಚ್ಚಿದ ಹಾಗೆ. ಸರಕಾರಿ ಆಸ್ಪತ್ರೆಲಿ ಕಣ್ಣಿನ ಡಾಕ್ಟ್ರು ಕೂರೋದು ಬುಧವಾರ. ಮೂರು ಸಲ ಚೀಟಿ ಕೊಟ್ರು, ಮೂರು ಸಲವೂ ನೀರಿನ ದಿನ. ಹೋಗ್ಲಿಲ್ಲ."

"ಮಗಳಿಗೆ ಗೊತ್ತಾ?" ಫಬಿಯೋಲಾ ಕೇಳಿದಳು.

"ಇಲ್ಲ. ಹೇಳಿದ್ರೆ ಕ್ಲಾಸು ಬಿಟ್ಟು ಬಂದು ಡ್ರಮ್ಮಿನ ಮುಂದೆ ಕೂತ್ಕೋತಾಳೆ. ನಾನು ಅವಳನ್ನ ಅದಕ್ಕಾ ಓದಿಸ್ತಿರೋದು?"

ಹಾಳೆಯಲ್ಲಿ ಇನ್ನೂ ಆರು ಪ್ರಶ್ನೆಗಳಿದ್ದವು. ಸುಲ್ಮಾಗೆ ಅಕ್ಷರಗಳು ಕಾಣಲಿಲ್ಲ.

ವಾಪಸ್ಸು ಬರುವ ವ್ಯಾನಿನಲ್ಲಿ ಉಳಿದಿಬ್ಬರಿಗೂ ಹುರುಪೋ ಹುರುಪು. "ಒಂದು ಡ್ರಮ್ಮು ನೀರಿಗೆ ಒಂದು ಕಣ್ಣು! ಇದೊಂದೇ ಮಾತು ಸಾಕು, ಶುಕ್ರವಾರ ನಮ್ಮ ಕೆಲಸ ತೋರಿಸೋವಾಗ ಎಲ್ಲರೂ ಅಳ್ತಾರೆ," ಅಂದಳು ಫಬಿಯೋಲಾ. "ಆ ಮಗಳಾದ್ರೂ ಎಂಥೋಳು, ತಾಯಿ ಕಣ್ಣು ಹೋಗ್ತಿರೋದು ಗೊತ್ತಾಗಲ್ವಾ?" ಅಂದ ಬ್ರಾಂಕೊ. ಸುಲ್ಮಾ ವ್ಯಾನು ನಿಲ್ಲಿಸಿ ನಡುದಾರಿಯಲ್ಲೇ ಇಳಿದಳು. "ತಲೆನೋವು, ನಾಳೆ ಸಿಗ್ತೀನಿ" ಅಂದು, ಅವರ ವ್ಯಾನು ಮರೆಯಾಗುವವರೆಗೆ ಒಂದು ಔಷಧದಂಗಡಿಯ ಮುಂದೆ ಶತಪಥ ಹಾಕಿದಳು. ಆಮೇಲೆ ರಸ್ತೆ ದಾಟಿ, ಗುಡ್ಡದ ಕಡೆ ಹೋಗುವ ವ್ಯಾನು ಹತ್ತಿದಳು.

ಮನೆಯಲ್ಲಿ ಕಡಲೆಕಾಯಿ ಸೂಪಿನ ವಾಸನೆ. ಸೆವೆರೀನಾ ಕಲ್ಲಿನ ಮೇಲೆ ಮೆಣಸಿನಕಾಯಿ, ಟೊಮೆಟೊ ಅರೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಏನ್ ಸೆನ್ಯೋರಿತಾ, ಪ್ರಶ್ನೆ ಇನ್ನೂ ಉಳಿದಿದ್ವಾ?"

"ಅಮ್ಮಾ, ಹಾಗನ್ಬೇಡ."

"ಮತ್ತೆ ಹೇಗನ್ನಲಿ? ನನ್ನ ಮಗಳಾಗಿದ್ರೆ ಒಲೆ ಹತ್ರ ಬಂದು ಮುಚ್ಚಳ ತೆಗೆದು ನೋಡಿರೋಳು."

ಸುಲ್ಮಾ ಬಾಗಿಲಲ್ಲೇ ನಿಂತು ಅತ್ತಳು. ಅಳುತ್ತಲೇ ರೇಗಿದಳು. "ಕಣ್ಣಿನ ವಿಷಯ ಯಾರೋ ದಾರಿಹೋಕರಿಗೆ ಹೇಳ್ತೀಯ, ನನಗೆ ಹೇಳಲ್ಲ! ನಾನು ಓದ್ತಿರೋದೇನು, ಅಡುಗೆ ಪುಸ್ತಕಾನಾ?"

"ದಾರಿಹೋಕರಿಗೆ ಹೇಳಿದ್ನಾ?" ಸೆವೆರೀನಾ ಗುಂಡುಕಲ್ಲು ಬಿಟ್ಟು ಕೈ ಒರೆಸಿಕೊಂಡಳು. "ನಿನಗೇ ಹೇಳಿದ್ದು ಕಣೇ. ನೀನು ನೀನಾಗಿರಲಿಲ್ಲ, ಅದಕ್ಕೇ ಬಾಯಿ ಬಂತು. ಮಗಳ ಮುಖ ಇಟ್ಕೊಂಡು ಕೂತಿದ್ರೆ ನಾನು ಹೇಳ್ತಿರಲಿಲ್ಲ."

ಸುಲ್ಮಾ ಅಮ್ಮನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಪಕ್ಕದಲ್ಲಿ ಮುಷ್ಟಿ ಹಿಡಿದು "ಬೆರಳು ಎಷ್ಟು?" ಅಂದಳು.

"ಎರಡು."

"ನಾನಿನ್ನೂ ಬೆರಳೇ ಎತ್ತಿಲ್ಲ ಅಮ್ಮಾ."

ಇಬ್ಬರೂ ನಕ್ಕರು. ಸುಲ್ಮಾಳ ನಗೆ ಅರ್ಧಕ್ಕೇ ನಿಂತಿತು. ಎಡಗಣ್ಣಿನಲ್ಲಿ ಎದುರಿಗಿರುವ ಒಂದು ತಟ್ಟೆಯಷ್ಟಗಲ ಬಿಟ್ಟರೆ ಉಳಿದದ್ದೇನೂ ಅಮ್ಮನಿಗೆ ಕಾಣುತ್ತಿರಲಿಲ್ಲ.

ಮರುದಿನ ಗೋಡೆಯ ಮೇಲೆ ಫಬಿಯೋಲಾ ಒಂದು ದೊಡ್ಡ ಚಿತ್ರ ಅಂಟಿಸಿದ್ದಳು. ನೆರಿಗೆ ಲಂಗ, ಎರಡು ಜಡೆ, ಕೆನ್ನೆ ಮೇಲೆ ಒಂದು ಕಣ್ಣೀರು. ಕೆಳಗೆ ತಾನೇ ಕಟ್ಟಿದ ಹೆಸರಿನಲ್ಲಿ "ಡೊನ್ಯಾ ಮರಿಯಾ, ಬಡ ವಿಧವೆ" ಅಂತ ಬರೆದಿದ್ದಳು. ಬ್ರಾಂಕೊ ಟ್ಯಾಂಕರ್ ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುವ ನಕಾಶೆ ಬರೆಯುತ್ತಿದ್ದ.

"ಅದು ನಡೆಯಲ್ಲ," ಅಂದಳು ಸುಲ್ಮಾ. "ಡ್ರೈವರ್ ಫೋನು ಆರಿಸಿಬಿಡ್ತಾನೆ. ಟ್ಯಾಂಕರ್ ಎಲ್ಲಿದೆ ಅಂತ ಗೊತ್ತಾಗಿಬಿಟ್ರೂ ಯಾರಾದ್ರೂ ಮನೇಲಿರಲೇಬೇಕಲ್ಲ. ಮತ್ತೆ ಆ ಚಿತ್ರ ತೆಗಿ ಫಬಿ."

"ಯಾಕೆ? ರಾತ್ರಿಯೆಲ್ಲ ಕೂತು ಬರೆದಿದೀನಿ!"

"ಅವಳು ವಿಧವೆ ಅಲ್ಲ. ಗಂಡ ಚಿಲಿಗೆ ಹೋದೋನು ಬರಲಿಲ್ಲ, ಅಷ್ಟೇ. ಅಳೋಳೂ ಅಲ್ಲ. ಹೆಸರು ಸೆವೆರೀನಾ." ಸುಲ್ಮಾ ಉಸಿರೆಳೆದುಕೊಂಡಳು. "ಅವಳು ನಮ್ಮಮ್ಮ."

ಬ್ರಾಂಕೊನ ಪೆನ್ಸಿಲ್ ನಿಂತಿತು. ವ್ಯಾನಿನಲ್ಲಿ ತಾನು ಆಡಿದ ಮಾತು ನೆನಪಾಗಿ ಕಿವಿಯವರೆಗೆ ಕೆಂಪಾದ. ಫಬಿಯೋಲಾ ಮಾತ್ರ ಸಿಡಿದೆದ್ದಳು.

"ನೀನು ನಮ್ಮನ್ನ ಏನು ಮಾಡಿದೆ ಗೊತ್ತಾ? 'ಮಗಳಿಗೆ ಗೊತ್ತಾ' ಅಂತ ನಾನು ನಿನ್ನ ಮುಂದೆ ನಿಮ್ಮಮ್ಮನ್ನ ಕೇಳಿದೆ! ನಿಮ್ಮಮ್ಮ ನಿನ್ನ ನೋಡಿ ಉತ್ತರ ಕೊಟ್ರು! ನಾನು ಅದನ್ನ ಬರ್ಕೊಂಡು ಕುಣಿದಾಡಿದೆ. ಕತ್ತೆ ಹಾಗೆ!"

"ನನಗೆ ನಾಚಿಕೆ ಆಗಿತ್ತು."

"ಅಮ್ಮನ ಬಗ್ಗೇನಾ?"

"ನಿಮ್ಮ ಬಗ್ಗೆ. ನೀವು ಹೇಗೆ ನೋಡ್ತೀರೋ ಅಂತ. ಈಗ ನನ್ನ ಬಗ್ಗೇನೇ."

ಫಬಿಯೋಲಾ ಹೊರಗೆ ಹೋದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಸುಲ್ಮಾ ಕಿಟಕಿಗೂ ಬಾಗಿಲಿಗೂ ಓಡಾಡಿದಳು. ತಂಡ ಮುರಿಯಿತು ಅಂದುಕೊಳ್ಳುವ ಹೊತ್ತಿಗೆ ಫಬಿಯೋಲಾ ಮೂರು ಕಾಗದದ ಲೋಟದಲ್ಲಿ ಕಾಫಿ ಹಿಡಿದು ಬಂದಳು, ಚಿತ್ರ ಕಿತ್ತು ಸುರುಳಿ ಸುತ್ತಿ ಮೂಲೆಗೆಸೆದಳು.

"ಸರಿ. ಎಲ್ಲ ಗೊತ್ತಿರೋಳು ನೀನು. ಹೇಳು, ಆ ಓಣಿಗೆ ಏನು ಬೇಕು?"

ಸುಲ್ಮಾ ಹೇಳಿದಳು. ಎಂಟು ಮನೆಗೆ ಒಬ್ಬರು ಕಾದರೆ ಸಾಕು. ಆದರೆ ಕಾದವಳ ಮೇಲೆ ಅನುಮಾನ ಬರಬಾರದು. ಡ್ರಮ್ಮಿನಲ್ಲಿ ಎಷ್ಟು ನೀರಿದೆ ಅಂತ ಮುಚ್ಚಳ ತೆಗೆಯದೆ, ಓಣಿಯ ಆ ತುದಿಯಿಂದಲೂ ಕಾಣಬೇಕು. ಜಗಳ ಹುಟ್ಟಿದ್ದೇ ಮುಚ್ಚಳದ ಕೆಳಗೆ.

ಮಧ್ಯಾಹ್ನದೊಳಗೆ ಕಾಲೇಜಿನ ಕಾವಲುಗಾರನ ಹತ್ತಿರ ಒಂದು ಹಳೆ ಡ್ರಮ್ಮು ಬೇಡಿ ತಂದರು. ಖಾಲಿ ಬಾಟಲಿಗೆ ಪೊರಕೆ ಕೋಲು ಕಟ್ಟಿ, ಮುಚ್ಚಳಕ್ಕೆ ತೂತು ಕೊರೆದು ತೂರಿಸಿದರು. ನೀರು ಏರಿದ ಹಾಗೆ ಬಾಟಲಿ ತೇಲಿ ಕೋಲು ಮೇಲೆ ಬರುತ್ತಿತ್ತು. ಮೊದಲನೆಯದು ಓರೆಯಾಗಿ ಸಿಕ್ಕಿಕೊಂಡಿತು. ಎರಡನೆಯದಕ್ಕೆ ಬ್ರಾಂಕೊ ಒಳಗೊಂದು ಪೈಪು ಕೂರಿಸಿ ದಾರಿ ಮಾಡಿದ. ಕೋಲಿಗೆ ಫಬಿಯೋಲಾ ಕೆಂಪು, ಹಳದಿ, ಹಸಿರು ಪಟ್ಟೆ ಬಳಿದಳು. ಹಸಿರು ಕಂಡರೆ ತುಂಬಿದೆ ಅಂತ. ಟ್ಯಾಂಕರಿನ ಪೈಪು ತೂರುವ ಬಾಯಿ ಬಿಟ್ಟು ಮುಚ್ಚಳಕ್ಕೆ ಬೀಗ ಹಾಕಿದರು.

ಶುಕ್ರವಾರ ಎಲ್ಲ ತಂಡಗಳೂ ತಮ್ಮ ತಮ್ಮ ಕೆಲಸ ತೋರಿಸಿದವು. ಇವರಿಗೆ ಬಹುಮಾನ ಬರಲಿಲ್ಲ. "ಇದೊಂದು ಕೋಲಲ್ವಾ? ಇದರಲ್ಲಿ ಹೊಸದೇನು?" ಅಂದರು ತೀರ್ಪುಗಾರರೊಬ್ಬರು. ಸುಲ್ಮಾ ಮೈಕು ಹಿಡಿದಳು. "ಕೋಲೇ ಸರ್. ನಮ್ಮ ಓಣಿಯಲ್ಲಿ ಎಲ್ಲರಿಗೂ ಕಾಣತ್ತೆ," ಅಂದಳು. "ನಮ್ಮ ಓಣಿ" ಅಂದದ್ದು ಸಭಾಂಗಣದಲ್ಲಿ ಯಾರ ಗಮನಕ್ಕೂ ಬರಲಿಲ್ಲ, ಅರಾಮಾಯೊ ಮೇಷ್ಟ್ರ ಹೊರತು. ಅವರು ಮುಗಿದ ಮೇಲೆ ಹತ್ತಿರ ಬಂದು, "ಸೋಮವಾರ ನೀನು ಕೇಳಿದಾಗ ನಾನು ಇನ್ನೊಂದು ಪ್ರಶ್ನೆ ಕೇಳ್ಬೇಕಿತ್ತಮ್ಮ," ಅಂದು ಹೋದರು.

ಭಾನುವಾರ ಮೂವರೂ ಸೇರಿ ಕೋಲಿನ ಮುಚ್ಚಳವನ್ನು ಗುಡ್ಡಕ್ಕೆ ಹೊತ್ತು ತಂದರು. ಕೂರಿಸಿದ್ದು ಸುಲಭ. ಕಷ್ಟವಿದ್ದದ್ದು ಇಲಾರಿಯಾಳ ಬಾಗಿಲಲ್ಲಿ. ಬುಧವಾರ ಅಮ್ಮನ ಡ್ರಮ್ಮು ಕಾಯ್ತೀರಾ ಅಂತ ಸುಲ್ಮಾ ಹೋಗಿ ಕೇಳಿದರೆ ಇಲಾರಿಯಾ ಬಟ್ಟೆ ಹಿಂಡುತ್ತಾ, "ಬಾಯಿ ಇರೋದು ನಿಮ್ಮಮ್ಮನಿಗೆ. ಅವಳೇ ಕೇಳಲಿ," ಅಂದಳು. ಸೆವೆರೀನಾ "ನಾನು ಸತ್ತರೂ ಕೇಳಲ್ಲ" ಅಂದಳು. ಬ್ರಾಂಕೊ ಇಬ್ಬರ ನಡುವೆ ಎರಡು ಸಲ ಓಡಾಡಿ ಸುಸ್ತಾಗಿ ಕಲ್ಲಿನ ಮೇಲೆ ಕೂತ. ಕಡೆಗೆ ಸೆವೆರೀನಾ ತನ್ನ ಬಾಗಿಲು ಬಿಟ್ಟು ಒಂದಡಿಯೂ ಕದಲದೆ ಅಲ್ಲಿಂದಲೇ ಕೂಗಿದಳು.

"ಇಲಾರಿಯಾ! ಬುಧವಾರ ನನ್ನ ಡ್ರಮ್ಮು ನೋಡ್ಕೋತೀಯೋ ಇಲ್ವೋ?"

"ಕಿರಿಚಬೇಡ, ನಂಗೆ ಕಿವಿ ಚೆನ್ನಾಗಿದೆ!" ಅಂತ ಆ ಕಡೆಯಿಂದ ಬಂತು. "ಎಲ್ಲಿಗೆ ಹೋಗ್ಬೇಕು?"

"ಆಸ್ಪತ್ರೆಗೆ. ಕಣ್ಣಿಗೆ."

ಇಲಾರಿಯಾ ಬಟ್ಟೆ ಹಿಂಡುವುದು ನಿಲ್ಲಿಸಿದಳು. ದನಿ ತಗ್ಗಿಸಿ, "ಎಷ್ಟು ದಿನದಿಂದ ಸೆವೆ?" ಅಂತ ಕೇಳಿದಳು.

ಬುಧವಾರ ತಾಯಿ ಮಗಳು ಬೆಳಗಿನ ಮೊದಲ ವ್ಯಾನಿಗೇ ಹೋದರು. ಉದ್ದದ ಸಾಲಿನಲ್ಲಿ ಸುಲ್ಮಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮುಂದೆ ಹೋಗಿ ಸಾಲು ಎಣಿಸುವಳು, ವಾಪಸ್ಸು ಬರುವಳು, ಮತ್ತೆ ಹೋಗುವಳು. "ಕೂತ್ಕೋ, ನೀನು ಓಡಾಡಿದ್ರೆ ಡಾಕ್ಟ್ರ ಗಡಿಯಾರ ಓಡಲ್ಲ," ಅಂತ ಸೆವೆರೀನಾ ಲಂಗದ ಅಂಚು ಸರಿಸಿ ಜಾಗ ಮಾಡಿದಳು. ಹನ್ನೊಂದರ ಹೊತ್ತಿಗೆ ಕರೆದರು. ವೈದ್ಯೆ ಇನ್ನೂ ಚಿಕ್ಕವಳು. ಮಾತು ನೇರ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ. ದಿನಕ್ಕೆರಡು ಸಲ ಹನಿ ಹಾಕಿದರೆ ಅದು ಉಳಿಯುತ್ತದೆ, ಒಂದು ದಿನವೂ ತಪ್ಪಿಸುವ ಹಾಗಿಲ್ಲ.

"ಆರು ತಿಂಗಳ ಹಿಂದೆ ಬಂದಿದ್ರೆ..." ಅಂತ ಸುಲ್ಮಾ ಶುರುಮಾಡಿದಳು.

"ಎಡಗಣ್ಣಲ್ಲೂ ಇನ್ನಷ್ಟು ಉಳೀತಿತ್ತು," ಅಂದಳು ವೈದ್ಯೆ. ಮುಚ್ಚಿಡಲಿಲ್ಲ.

ಗುಡ್ಡ ಹತ್ತಿ ಬಂದಾಗ ಡ್ರಮ್ಮಿನ ಮೇಲೆ ಹಸಿರು ಪಟ್ಟೆ ನಿಂತಿತ್ತು. ಇಲಾರಿಯಾ ಸೊಂಟಕ್ಕೆ ಕೈಯಿಟ್ಟುಕೊಂಡು ಓಣಿಯ ನಡುವೆ ವರದಿ ಒಪ್ಪಿಸಿದಳು. "ಹಳದಿಗೇ ಪೈಪು ಎಳೆದ ಕಳ್ಳ! ನಾನು ಕೋಲು ತೋರಿಸಿ, ಬಾರೋ ಇಲ್ಲಿ, ಇದೇನು ಹಸಿರಾ ಅಂತ ಓಣಿಯೆಲ್ಲ ಕೇಳೋ ಹಾಗೆ ಕೂಗಿದೆ. ಬೈಕೊಂಡು ತುಂಬಿಸಿದ. ನನ್ನ ಡ್ರಮ್ಮಿಗೂ ಒಂದು ಮಾಡಿಕೊಡೋಕೆ ಹೇಳು ಆ ಹುಡುಗನಿಗೆ." ಆಮೇಲೆ ಸೆವೆರೀನಾಳ ಮುಖ ನೋಡಿದಳು. ಅವಳ ಕೈಚೀಲ ಇಸಿದುಕೊಂಡು ಮನೆಯೊಳಗೆ ನಡೆದಳು.

ಸಂಜೆ ಮೊದಲ ಹನಿ. ಸುಲ್ಮಾ ಕಾಲೇಜಿನ ತರಬೇತಿಯಲ್ಲಿ ಎಷ್ಟೋ ರೋಗಿಗಳಿಗೆ ಹಾಕಿದ್ದಳು. ಅಮ್ಮನ ರೆಪ್ಪೆ ಎಳೆದು ಹಿಡಿದಾಗ ಮಾತ್ರ ಹನಿ ಕೆನ್ನೆಗೆ ಬಿತ್ತು.

"ಎರಡೂವರೆ ವರ್ಷ ಓದಿದ್ದು ಇಷ್ಟೇನಾ?" ಅಂದಳು ಸೆವೆರೀನಾ.

ಎರಡನೆಯ ಹನಿ ಸರಿಯಾಗಿ ಬಿತ್ತು.

ಶನಿವಾರ ಸುಲ್ಮಾ ಚಿಕ್ಕಮ್ಮನ ಮನೆಯಿಂದ ತನ್ನ ಬಟ್ಟೆ, ಪುಸ್ತಕ, ಹಾಸಿಗೆ ಕಟ್ಟಿಕೊಂಡು ಬಂದಳು. ಈಗ ದಿನಾ ಬೆಳಗ್ಗೆ ಅಮ್ಮನ ಕಣ್ಣಿಗೆ ಹನಿ ಹಾಕಿ, ಎರಡು ವ್ಯಾನು ಬದಲಿಸಿ ಕಾಲೇಜಿಗೆ ಹೋಗುತ್ತಾಳೆ. ಒಮ್ಮೊಮ್ಮೆ ತಡವಾಗುತ್ತದೆ. ಕ್ಲಾಸಿನಲ್ಲಿ ಕೂತಾಗ ಆ ಮೂರು ಬುಧವಾರಗಳು ನೆನಪಿಗೆ ಬಂದು ಒಳಗೇ ಕುದಿಯುತ್ತವೆ, ಪೆನ್ನಿನ ಮುಚ್ಚಳ ಹಲ್ಲಿಗೆ ಸಿಗುತ್ತದೆ. ಆ ಮೂರೂ ದಿನ ತಾನು ಯಾವ ಪಾಠ ಕೇಳುತ್ತಿದ್ದೆ ಅಂತ ಅವಳು ಹಳೆಯ ಪುಸ್ತಕ ತಿರುವಿ ಹುಡುಕಿದ್ದೂ ಉಂಟು. ಯಾರಾದರೂ "ಯಾಕೆ ಲೇಟು, ಮನೆ ಎಲ್ಲಿ?" ಅಂತ ಕೇಳಿದರೆ ಮಾತ್ರ ಉತ್ತರಕ್ಕೆ ತಡವರಿಸುವುದಿಲ್ಲ.